ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಬದಲಾವಣೆ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಹದಿನೈದು ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸಿನ ಎಲೆಕ್ಟ್ರಿಕ್ ಗಿಟಾರಿಗೆ ಒಳ್ಳೆಯ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ, ಹಾಕಿಸುವುದು ದಂಡದ ಖರ್ಚೇನಲ್ಲ. ಕುತ್ತಿಗೆ ನೆಟ್ಟಗಿದ್ದು ಫ್ರೆಟ್ಟುಗಳು ಸಮವಾಗಿದ್ದರೆ ಅಂತಹ ಗಿಟಾರು ಪಿಕಪ್ ಬದಲಾದ ಮೇಲೆ ತನ್ನ ಬೆಲೆಗೆ ಮೀರಿ ನುಡಿಯಬಲ್ಲದು. ಆದರೆ ಹೊಸದನ್ನು ಕೂರಿಸಿದ ಮೇಲೆ ಧ್ವನಿ ಬಾರದಿದ್ದಾಗ, ಗುಂಯ್‌ಗುಟ್ಟಿದಾಗ ಅಥವಾ ಹಳೆಯದಕ್ಕಿಂತಲೂ ಸಪ್ಪೆಯೆನಿಸಿದಾಗ ಎಲ್ಲರೂ ಮೊದಲು ಸಂಶಯಪಡುವುದು ಹೊಸ ಪಿಕಪ್ಪನ್ನೇ, ಮತ್ತು ಬಹುಪಾಲು ಸಂದರ್ಭಗಳಲ್ಲಿ ಆ ಸಂಶಯ ತಪ್ಪು. ಪಿಕಪ್ ಎಂಬುದು ಅಯಸ್ಕಾಂತದ ಸುತ್ತ ಎನಾಮಲ್ ಲೇಪಿಸಿದ ತಾಮ್ರದ ಎಳೆಯನ್ನು ಸಾವಿರಾರು ಸುತ್ತು ಸುತ್ತಿ ಮಾಡಿದ ಸುರುಳಿ. ಬಳಕೆಯಿಂದ ಸವೆಯುವ ಭಾಗ ಅದರಲ್ಲಿಲ್ಲ. ಕೆಡುವುದು ಹೆಚ್ಚಾಗಿ ಅಲ್ಲಿಂದ ಆಚೆಗಿನ ದಾರಿ: ಬೆಸುಗೆ, ಪಿಕಪ್ ಆರಿಸುವ ಸ್ವಿಚ್ಚು, ನಾಬಿನ ಕೆಳಗೆ ಕೂತು ಧ್ವನಿ ಏರಿಸಿ ಇಳಿಸುವ ಪಾಟು, ಕೇಬಲ್ ಚುಚ್ಚುವ ಜಾಕು, ಕೇಬಲ್ಲು, ಕೊನೆಗೆ ಮನೆಯ ಅರ್ತಿಂಗು. ಆದ್ದರಿಂದ ಇಲ್ಲಿನ ಕ್ರಮ ಹೊರಗಿನಿಂದ ಒಳಕ್ಕೆ ಸಾಗುತ್ತದೆ, ಬಿಚ್ಚುವುದಕ್ಕೆ ಮೊದಲು ಅಳೆಯುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಗಿಟಾರು ಹೊತ್ತು ಹೋಗಿ, ದೋಷ ಕೇಬಲ್ಲಿನಲ್ಲಿತ್ತೆಂದು ತಿಳಿದು ಮರಳುವುದು ಯಾರಿಗೂ ಬೇಡ.

ಬೇಕಾಗುವ ಸಾಮಗ್ರಿ ಮತ್ತು ಮೊದಲ ಎಚ್ಚರಿಕೆ

ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರ್‌ಗಳು, ಬೆಸುಗೆ ಹಾಕುವ ಐರನ್, ಎಲೆಕ್ಟ್ರಾನಿಕ್ಸ್ ಕೆಲಸದ ಬೆಸುಗೆ ತಂತಿ, ಸರಿಯಾಗಿದೆಯೆಂದು ಖಾತ್ರಿಯಿರುವ ಇನ್ನೊಂದು ಕೇಬಲ್, ಇಷ್ಟಿದ್ದರೆ ಸಾಕು. ಗಿಟಾರಿನ ಹಿಂಬದಿ ಮುಚ್ಚಳವನ್ನಾಗಲಿ ಪಿಕ್‌ಗಾರ್ಡನ್ನಾಗಲಿ ಬಿಚ್ಚುವ ಮೊದಲು ಕೇಬಲ್ ಕಳಚಿರಬೇಕು. ಮುಚ್ಚಳ ತೆಗೆದ ಕೂಡಲೇ, ಯಾವ ವೈರನ್ನೂ ಮುಟ್ಟುವ ಮೊದಲು, ಒಳಗಿನ ಜೋಡಣೆಯ ಸ್ಪಷ್ಟ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ಮುಂದೆ ದಾರಿ ತಪ್ಪಿದಾಗ ಮರಳಲು ಅದೊಂದೇ ಗುರುತು. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಕೈ ತೊಳೆಯದೆ ತಿಂಡಿ ಮುಟ್ಟಬಾರದು, ಏಕೆಂದರೆ ಸಾಮಾನ್ಯ 60/40 ಬೆಸುಗೆಯಲ್ಲಿ ಶೇಕಡಾ 40ರಷ್ಟು ಸೀಸವಿರುತ್ತದೆ.

ಆಂಪ್ಲಿಫೈಯರನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ವಾಲ್ವ್ ಇರುವ ಆಂಪ್ಲಿಫೈಯರಿನ ಒಳಗೆ ಮುನ್ನೂರು ನಾನೂರು ವೋಲ್ಟ್ ಇರುತ್ತದೆ, ಮತ್ತು ಪ್ಲಗ್ ತೆಗೆದ ಮೇಲೂ ಅದು ಕೆಪಾಸಿಟರುಗಳಲ್ಲಿ ಉಳಿದು ಪ್ರಾಣಕ್ಕೆ ಅಪಾಯ ತರಬಲ್ಲದು.

ಲಕ್ಷಣ: ಹಳೆಯ ಪಿಕಪ್ಪಿನ ಧ್ವನಿ ಮಂಕಾಗಿದೆ, ಹೊಸದು ಕೊಳ್ಳಬೇಕೆನಿಸುತ್ತಿದೆ

ಕೊಳ್ಳುವ ಮೊದಲು ತಂತಿಗಳನ್ನು ಬದಲಿಸಿ ನೋಡಬೇಕು. ಕೊಡಗಿನ ಭಾಗಮಂಡಲ, ನಾಪೋಕ್ಲು ಕಡೆ ಕಕ್ಕಡ ತಿಂಗಳ (ಜುಲೈ ಆಗಸ್ಟಿನ ನಡುಮಳೆಗಾಲದ) ತೇವಕ್ಕೆ ಗೋಡೆಗೆ ನೇತುಹಾಕಿದ ಗಿಟಾರಿನ ತಂತಿಗಳು ಬೇಗನೆ ತುಕ್ಕು ಹಿಡಿಯುತ್ತವೆ, ಮತ್ತು ತುಕ್ಕು ಹಿಡಿದ ತಂತಿಯ ಮಂಕನ್ನು ಯಾವ ಪಿಕಪ್ಪೂ ನೀಗಿಸಲಾರದು. ಆಮೇಲೆ ಪಿಕಪ್ಪಿನ ಎತ್ತರವನ್ನು ಎರಡೂ ಬದಿಯ ತಿರುಪಿನಿಂದ ಅರ್ಧ ಸುತ್ತಿನಷ್ಟು ಏರಿಸಿ ಇಳಿಸಿ ಕೇಳಬೇಕು. ಇಷ್ಟಕ್ಕೇ ಧ್ವನಿ ತಿಳಿಯಾದರೆ ಹಣ ಉಳಿಯಿತು.

ಹಾಗೂ ಬದಲಿಸುವುದೇ ಆದರೆ ಆರ್ಡರ್ ಕೊಡುವ ಮೊದಲು ಅಳತೆ ತೆಗೆದುಕೊಳ್ಳಬೇಕು: ಮೊದಲ ಮತ್ತು ಆರನೆಯ ತಂತಿಗಳ ಕೆಳಗೆ ಪಿಕಪ್ಪಿನಲ್ಲಿ ಕಾಣುವ ಲೋಹದ ಮೊಳೆಗಳ ನಡುವಿನ ಅಂತರ, ಪಿಕಪ್ ಕೂರುವ ಗುಳಿಯ ಆಳ, ತಿರುಪುಗಳ ನಡುವಿನ ದೂರ. ಅಗ್ಗದ ಗಿಟಾರುಗಳಲ್ಲಿ ಪಾಟುಗಳು ಚಿಕ್ಕವಾಗಿದ್ದು ಅವುಗಳಿಗೆ ಕೊರೆದ ರಂಧ್ರವೂ ಕಿರಿದಾಗಿರುವುದುಂಟು; ಪಿಕಪ್ಪಿನ ಜೊತೆ ದೊಡ್ಡ ಪಾಟುಗಳನ್ನೂ ತರಿಸಿದರೆ ರಂಧ್ರ ಹಿಗ್ಗಿಸುವ ಕೆಲಸ ತಲೆಗೆ ಬರುತ್ತದೆ.

ಲಕ್ಷಣ: ಪಿಕಪ್ ಬದಲಿಸಿದ ಮೇಲೆ ಧ್ವನಿಯೇ ಇಲ್ಲ

ಮೊದಲು ಕೇಬಲ್ ಬದಲಿಸಬೇಕು, ಆಂಪ್ಲಿಫೈಯರಿಗೆ ಬೇರೆ ಗಿಟಾರು ಹಾಕಿ ನೋಡಬೇಕು. ಎರಡೂ ಸರಿಯಿದ್ದರೆ ಮುಂದಿನ ಪರೀಕ್ಷೆಯನ್ನು ಗಿಟಾರು ಬಿಚ್ಚದೆಯೇ ಮಾಡಬಹುದು, ಮತ್ತು ಇಡೀ ಕೈಪಿಡಿಯಲ್ಲಿ ಅತ್ಯಂತ ಉಪಯುಕ್ತವಾದದ್ದು ಇದೇ. ಕೇಬಲ್ಲಿನ ಒಂದು ತುದಿಯನ್ನು ಗಿಟಾರಿಗೆ ಚುಚ್ಚಿ, ಇನ್ನೊಂದು ತುದಿಯ ಪ್ಲಗ್ಗಿನ ಮೂತಿಗೆ ಮೀಟರಿನ ಒಂದು ಕಡ್ಡಿಯನ್ನೂ ಉದ್ದ ಲೋಹದ ಭಾಗಕ್ಕೆ ಇನ್ನೊಂದನ್ನೂ ತಾಗಿಸಬೇಕು. ಮೀಟರು 20 ಕಿಲೋಓಮ್ ಶ್ರೇಣಿಯಲ್ಲಿರಲಿ, ವಾಲ್ಯೂಮ್ ಪೂರ್ತಿ ಏರಿಸಿರಲಿ, ಸ್ವಿಚ್ಚು ಒಂದೇ ಪಿಕಪ್ಪಿನ ಮೇಲಿರಲಿ. ಕಡ್ಡಿಯ ಲೋಹಕ್ಕೆ ಎರಡೂ ಕೈಯ ಬೆರಳು ತಾಗಬಾರದು, ಮೈಯ ರೋಧವೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ.

ಈಗ ಕಾಣುವ ಅಂಕಿಯೇ ದೋಷದ ಜಾಗವನ್ನು ಹೇಳುತ್ತದೆ. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ಪಿಗೆ 5.5ರಿಂದ 7 ಕಿಲೋಓಮ್, ಎರಡು ಸುರುಳಿಯ ಪಿಕಪ್ಪಾದ ಹಂಬಕರಿನಲ್ಲಿ ಹಳೆಯ ಧಾಟಿಯದಕ್ಕೆ 7ರಿಂದ 9, ಬಿರುಸಿನ ಹಂಬಕರಿಗೆ 12ರಿಂದ 16ರವರೆಗೆ ಬಂದರೆ ಸುರುಳಿ ಜೀವಂತವಾಗಿದೆ, ದಾರಿಯೂ ತೆರೆದಿದೆ. ಮೀಟರು ಸರಿಯೆಂದ ಮೇಲೂ ಆಂಪ್ಲಿಫೈಯರ್ ಮೌನವಾಗಿದ್ದರೆ ಅದರ ಜಾಕಿನತ್ತ ತಿರುಗಬೇಕು. ಅಂಕಿ ಪೆಟ್ಟಿಗೆಯ ಮೇಲೆ ಬರೆದದ್ದಕ್ಕಿಂತ ಒಂದಿಷ್ಟು ಕಡಿಮೆ ಬಂದರೆ ಗಾಬರಿ ಬೇಡ. ವಾಲ್ಯೂಮ್ ಪಾಟ್ ಪಿಕಪ್ಪಿಗೆ ಸಮಾಂತರವಾಗಿರುವುದರಿಂದ 8 ಕಿಲೋಓಮಿನ ಪಿಕಪ್ 500 ಕಿಲೋಓಮ್ ಪಾಟಿನ ಜೊತೆ 7.87ರ ಹತ್ತಿರ ತೋರಿಸುವುದೇ ಸರಿ. ಎರಡು ಪಿಕಪ್ ಒಟ್ಟಿಗೆ ಆನ್ ಇದ್ದಾಗ ಅದರ ಅರ್ಧದಷ್ಟೇ ಬರುತ್ತದೆ.

ಅಂಕಿ ಸೊನ್ನೆಯಾಗಿದ್ದರೆ ಸಂಕೇತ ಒಯ್ಯುವ ವೈರು ಎಲ್ಲೋ ಗ್ರೌಂಡಿಗೆ, ಅಂದರೆ ಸಂಕೇತ ಮರಳುವ ದಾರಿಗೆ, ತಾಗಿದೆ. ಹೆಚ್ಚು ಸಲ ಜಾಕಿನ ತುದಿ ಗುಳಿಯ ಗೋಡೆಗೆ ಅಂಟಿಸಿದ ತಾಮ್ರದ ಹಾಳೆಗೆ ಒರಸುತ್ತಿರುತ್ತದೆ, ಇಲ್ಲವೇ ಪಾಟಿನ ಕಾಲುಗಳ ನಡುವೆ ಬೆಸುಗೆ ಹರಿದಿರುತ್ತದೆ. ಮೀಟರಿನ ಎಡತುದಿಯಲ್ಲಿ ಒಂಟಿ 1 ಅಥವಾ ಓಎಲ್ ಎಂದು ಬಂದರೆ ಅದು ಒಂದು ಓಮ್ ಅಲ್ಲ, ಶ್ರೇಣಿ ಮೀರಿದೆಯೆಂಬ ಸೂಚನೆ. ಆಗ 2 ಮೆಗಾಓಮ್ ಶ್ರೇಣಿಗೆ ಬದಲಿಸಬೇಕು. ಅಲ್ಲಿ 250 ಅಥವಾ 500 ಕಿಲೋಓಮಿನ ಹತ್ತಿರದ ಅಂಕಿ ಕಂಡರೆ ಮೀಟರು ಪಾಟನ್ನು ಮಾತ್ರ ನೋಡುತ್ತಿದೆ: ಜಾಕಿನಿಂದ ಪಾಟಿನವರೆಗೆ ದಾರಿ ಸರಿಯಿದೆ, ಪಿಕಪ್ ಆಚೆಗೆ ಕಳಚಿಕೊಂಡಿದೆ ಅಥವಾ ಅದರ ಸುರುಳಿ ಹರಿದಿದೆ. ಅಲ್ಲಿಯೂ ಏನೂ ಬಾರದಿದ್ದರೆ ದಾರಿ ಜಾಕಿನಲ್ಲೋ ಜಾಕಿನ ವೈರಿನಲ್ಲೋ ತುಂಡಾಗಿದೆ.

ಪಿಕಪ್ ಕಳಚಿದೆಯೆಂದು ಗೊತ್ತಾದರೆ ಮುಚ್ಚಳ ತೆರೆದು ಮೊದಲು ನೋಡಬೇಕಾದದ್ದು ಸ್ವಿಚ್ಚನ್ನು. ಅಗ್ಗದ ಗಿಟಾರುಗಳಲ್ಲಿ ಐದು ಸ್ಥಾನದ ಸ್ವಿಚ್ಚು ಮುಚ್ಚಿದ ಪೆಟ್ಟಿಗೆಯಂತಿದ್ದು ಅದರ ಎಂಟು ಕಾಲುಗಳು ಒಂದೇ ಸಾಲಿನಲ್ಲಿರುತ್ತವೆ. ಪಿಕಪ್ ಜೊತೆ ಬರುವ ನಕ್ಷೆಯಲ್ಲಿ ಬಹುಮಟ್ಟಿಗೆ ಎರಡು ಬದಿಯಲ್ಲಿ ಕಾಲುಗಳಿರುವ ತೆರೆದ ಸ್ವಿಚ್ಚಿನ ಚಿತ್ರವಿರುತ್ತದೆ. ನಕ್ಷೆಯಲ್ಲಿ ಎಡದಿಂದ ಎರಡನೆಯದು ಎಂದಿದ್ದರೆ ಪೆಟ್ಟಿಗೆ ಸ್ವಿಚ್ಚಿನಲ್ಲೂ ಅದೇ ಎರಡನೆಯದಾಗಿರುವುದಿಲ್ಲ. ಪ್ರತಿ ಸ್ಥಾನದಲ್ಲೂ ಯಾವ ಕಾಲು ಯಾವುದಕ್ಕೆ ಕೂಡುತ್ತದೆಂದು ಮೀಟರಿನ ಬೀಪ್ ಶಬ್ದದಿಂದ ಪತ್ತೆಹಚ್ಚಿ, ಕಾಗದದ ಮೇಲೆ ಬರೆದುಕೊಂಡೇ ವೈರು ಹಾಕಬೇಕು.

ಬೆಸುಗೆಯ ವಿಚಾರದಲ್ಲಿ ತೋಟದ ಮನೆಗಳಿಗೆ ವಿಶೇಷವಾಗಿ ಅನ್ವಯಿಸುವ ಮಾತೊಂದಿದೆ. ಸಂಜೆ ವೋಲ್ಟೇಜ್ ಬಿದ್ದಾಗ ಐರನ್ ಕಾಯುವುದಿಲ್ಲ: 230 ವೋಲ್ಟಿನಲ್ಲಿ 25 ವ್ಯಾಟ್ ಕೊಡುವ ಐರನ್ 180 ವೋಲ್ಟಿನಲ್ಲಿ ಸುಮಾರು 15 ವ್ಯಾಟ್ ಮಾತ್ರ ಕೊಡುತ್ತದೆ. ಅಷ್ಟು ಬಿಸಿಗೆ ಪಾಟಿನ ಬೆನ್ನಿನ ಮೇಲೆ ಬೆಸುಗೆ ಕರಗಿ ಹರಡದೆ ಉಂಡೆಯಾಗಿ ಕೂರುತ್ತದೆ, ಒಳಗೆ ಹಿಡಿದಿರುವುದಿಲ್ಲ. ಒರಟಾಗಿ, ಮಂಕು ಬೂದು ಬಣ್ಣಕ್ಕೆ ಕಾಣುವ, ವೈರನ್ನು ಮೆಲ್ಲಗೆ ಎಳೆದರೆ ಅಲುಗುವ ಜಾಗಗಳನ್ನೆಲ್ಲ ವೋಲ್ಟೇಜ್ ಸರಿಯಿರುವ ಹೊತ್ತಿನಲ್ಲಿ ಮತ್ತೆ ಕಾಯಿಸಿ ಹೊಸ ಬೆಸುಗೆ ಕೊಡಬೇಕು. ಪಾಟಿನ ಬೆನ್ನನ್ನು ಮರಳು ಕಾಗದದಿಂದ ಉಜ್ಜಿಕೊಂಡು, 40ರಿಂದ 60 ವ್ಯಾಟಿನ ಐರನ್ನಿನಿಂದ ಕೆಲವೇ ಸೆಕೆಂಡುಗಳಲ್ಲಿ ಮುಗಿಸಬೇಕು. ಕಡಿಮೆ ಬಿಸಿಯ ಐರನ್ನನ್ನು ತುಂಬ ಹೊತ್ತು ಒತ್ತಿ ಹಿಡಿಯುವುದರಿಂದಲೇ ಪಾಟುಗಳು ಸುಡುವುದು ಹೆಚ್ಚು. ಪಾತ್ರೆ ಕಲಾಯಿಗೆ ಬಳಸುವ ನವಸಾಗರವನ್ನಾಗಲಿ ಆಸಿಡ್ ಪೇಸ್ಟನ್ನಾಗಲಿ ಇಲ್ಲಿ ಬಳಸಲೇಬಾರದು, ಅದು ತಾಮ್ರವನ್ನು ತಿಂದುಹಾಕುತ್ತದೆ.

ಲಕ್ಷಣ: ಧ್ವನಿ ಬರುತ್ತದೆ, ಆದರೆ ಜೊತೆಗೆ ಗುಂಯ್ ಎನ್ನುತ್ತದೆ

ಗಿಟಾರಿನ ವಾಲ್ಯೂಮನ್ನು ಸೊನ್ನೆಗೆ ಇಳಿಸಿದಾಗಲೂ ಶಬ್ದ ಉಳಿದರೆ ಪಿಕಪ್ ನಿರಪರಾಧಿ. ಕೇಬಲ್, ಜಾಕ್, ಆಂಪ್ಲಿಫೈಯರ್ ಅಥವಾ ಮನೆಯ ವಿದ್ಯುತ್ತನ್ನು ನೋಡಬೇಕು. ಇಳಿಸಿದಾಗ ಶಬ್ದ ನಿಂತರೆ, ವಾಲ್ಯೂಮ್ ಏರಿಸಿ ಕುಳಿತಲ್ಲೇ ಗಿಟಾರನ್ನು ಬೇರೆ ದಿಕ್ಕಿಗೆ ತಿರುಗಿಸಬೇಕು. ದಿಕ್ಕಿನೊಡನೆ ಶಬ್ದ ಹೆಚ್ಚು ಕಡಿಮೆಯಾದರೆ ಅದು ಗಾಳಿಯಲ್ಲಿ ಹರಡಿದ 50 ಹರ್ಟ್ಸಿನ ಕ್ಷೇತ್ರವನ್ನು ಸಿಂಗಲ್ ಕಾಯಿಲ್ ಹಿಡಿಯುತ್ತಿರುವುದು, ಅದರ ಸ್ವಭಾವವೇ ಹೊರತು ದೋಷವಲ್ಲ. ಇದೇ ಶಬ್ದವನ್ನು ಅಡಗಿಸಲೆಂದು ಎರಡು ಸುರುಳಿಗಳನ್ನು ವಿರುದ್ಧವಾಗಿ ಜೋಡಿಸಿದ ಹಂಬಕರನ್ನು ಗಿಬ್ಸನ್ ಕಂಪನಿಯ ಸೇಥ್ ಲವರ್ 1950ರ ದಶಕದ ನಡುವಿನಲ್ಲಿ ರೂಪಿಸಿದರು.

ನಂತರ ತಂತಿಗಳನ್ನು ಕೈಯಿಂದ ಮುಟ್ಟಿ ಕೇಳಬೇಕು. ಮುಟ್ಟಿದಾಗ ಶಬ್ದ ತಗ್ಗಿದರೆ ಬ್ರಿಡ್ಜಿಗೆ (ತಂತಿಗಳು ಕೂರುವ ಲೋಹದ ಭಾಗಕ್ಕೆ) ಹೋಗುವ ಗ್ರೌಂಡ್ ವೈರು ತನ್ನ ಕೆಲಸ ಮಾಡುತ್ತಿದೆ. ಏನೂ ವ್ಯತ್ಯಾಸವಾಗದಿದ್ದರೆ ಆ ವೈರು ಬಿಟ್ಟಿರಬಹುದು. ಬ್ರಿಡ್ಜಿನಿಂದ ಜಾಕಿನ ಗ್ರೌಂಡಿಗೆ ಮೀಟರು ಒಂದೆರಡು ಓಮಿನೊಳಗೆ ತೋರಿಸಬೇಕು. ಮುಟ್ಟಿದಾಗ ಶಬ್ದ ಏರಿದರೆ ಜಾಕಿನ ಎರಡು ವೈರುಗಳು ಅದಲುಬದಲಾಗಿವೆ ಎಂದೇ ಹೆಚ್ಚು ಸಾಧ್ಯತೆ. ಬ್ಯಾಟರಿಯಿಂದ ನಡೆಯುವ ಆಕ್ಟಿವ್ ಪಿಕಪ್ಪುಗಳಲ್ಲಿ ಕೆಲವಕ್ಕೆ ಬ್ರಿಡ್ಜಿನ ವೈರು ಬೇಡವೆಂದು ತಯಾರಕರೇ ಹೇಳುತ್ತಾರೆ, ಅಲ್ಲಿ ಈ ಪರೀಕ್ಷೆ ಅನ್ವಯಿಸದು.

ಇಷ್ಟೂ ಸರಿಯಿದ್ದು ಶಬ್ದ ಹೋಗದಿದ್ದರೆ ಗಿಟಾರನ್ನು ಬ್ಯಾಟರಿಯ ಹೆಡ್‌ಫೋನ್ ಆಂಪ್ಲಿಫೈಯರಿಗೆ ಹಾಕಿ ಕೇಳಬೇಕು. ಶಬ್ದ ಮಾಯವಾದರೆ ಮೂಲ ವಿದ್ಯುತ್ತಿನಲ್ಲಿದೆ. ಚೌಕ ಅಲೆಯ ಇನ್ವರ್ಟರುಗಳು, ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರುಗಳು, ಕಳಪೆ ಎಲ್‌ಇಡಿ ದೀಪಗಳು ಗುಂಯ್‌ಗಿಂತ ಹರಿತವಾದ ಜರ್ರೆಂಬ ಶಬ್ದ ತರುತ್ತವೆ. ಮಳೆಗಾಲದಲ್ಲಿ ದಿನಗಟ್ಟಲೆ ಇನ್ವರ್ಟರಿನ ಮೇಲೆ ನಡೆಯುವ ಮನೆಗಳಲ್ಲಿ ಇದನ್ನು ಪಿಕಪ್ಪಿನ ದೋಷವೆಂದು ಬಗೆಯುವುದು ಸುಲಭ. ಸುಮಾರು ಸೆಕೆಂಡಿಗೊಮ್ಮೆ ಟಕ್ ಟಕ್ ಎಂದು ಕೇಳಿಸಿದರೆ ಆನೆ ತಡೆಯಲು ಕಟ್ಟಿದ ಸೋಲಾರ್ ಬೇಲಿಯನ್ನು ನೆನೆಯಬೇಕು. ಬೇಲಿಯ ಯಂತ್ರ ಹೆಚ್ಚುಕಡಿಮೆ ಸೆಕೆಂಡಿಗೊಂದು ವಿದ್ಯುತ್ ಮಿಡಿತ ಬಿಡುತ್ತದೆ, ಮತ್ತು ಒದ್ದೆ ಬಳ್ಳಿ ಕಾಡುಗಿಡ ತಂತಿಗೆ ತಾಗಿ ಕಿಡಿ ಹಾರುವಾಗ ಆ ಮಿಡಿತ ಆಂಪ್ಲಿಫೈಯರಿನಲ್ಲೂ ಕೇಳಿಸಬಹುದು. ಬೇಲಿಯ ಕೆಳಗಿನ ಕಾಡು ಸವರಿಸಿದರೆ ಮುಗಿಯುವ ಕೆಲಸವಿದು, ಗಿಟಾರು ಬಿಚ್ಚಬೇಕಾಗಿಲ್ಲ.

ತಂತಿ ಮುಟ್ಟಿದಾಗ ಜುಮ್ಮೆಂದರೆ, ಅಥವಾ ಹಾಡುವಾಗ ಮೈಕಿಗೆ ತುಟಿ ತಾಗಿ ಶಾಕ್ ಹೊಡೆದರೆ, ಅಲ್ಲಿಗೆ ಎಲ್ಲವನ್ನೂ ನಿಲ್ಲಿಸಬೇಕು. ಇದು ಗಿಟಾರಿನ ದೋಷವಲ್ಲ. ಆಂಪ್ಲಿಫೈಯರಿನ ಅಥವಾ ಮನೆಯ ಅರ್ತಿಂಗಿನ ದೋಷ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ಟಿದ್ದರೂ ಮೂರನೆಯ ರಂಧ್ರದ ಹಿಂದೆ ವೈರೇ ಇಲ್ಲದಿರಬಹುದು, ಇಲ್ಲವೇ ಅರ್ತ್ ಗುಂಡಿ ಮಾರ್ಚ್ ಏಪ್ರಿಲ್ ಹೊತ್ತಿಗೆ ಒಣಗಿ ಹೋಗಿರಬಹುದು. ಗುಂಡಿಗೆ ನೀರು ಹಾಕಿಸಿ, ಪರವಾನಗಿ ಇರುವ ವೈರ್‌ಮನ್‌ನಿಂದ ಅರ್ತಿಂಗ್ ಅಳೆಸುವ ತನಕ ಆ ಸಾಕೆಟ್ಟಿನಲ್ಲಿ ನುಡಿಸಕೂಡದು. ಶಬ್ದ ನಿಲ್ಲಿಸಲೆಂದು ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸುವ ಚಾಳಿ ಕೆಲವರಲ್ಲಿದೆ. ಶಬ್ದ ನಿಲ್ಲಬಹುದು, ರಕ್ಷಣೆಯೂ ಅಲ್ಲಿಗೇ ಮುಗಿಯುತ್ತದೆ.

ಲಕ್ಷಣ: ಒಂದೊಂದೇ ಪಿಕಪ್ ಚೆನ್ನಾಗಿದೆ, ಎರಡು ಕೂಡಿದಾಗ ಧ್ವನಿ ತೆಳುವಾಗುತ್ತದೆ

ಎರಡು ಪಿಕಪ್ಪುಗಳ ಸಂಕೇತಗಳು ಪರಸ್ಪರ ವಿರುದ್ಧವಾಗಿದ್ದು ಒಂದನ್ನೊಂದು ಅಳಿಸುತ್ತಿವೆ. ಒಂದೇ ಪಿಕಪ್ಪನ್ನು ಬದಲಿಸಿ ಉಳಿದದ್ದನ್ನು ಹಾಗೆಯೇ ಬಿಟ್ಟಾಗ ಇದು ಸಾಮಾನ್ಯ. ಖಾತ್ರಿ ಮಾಡಿಕೊಳ್ಳಲು ಹಿಂದೆ ಹೇಳಿದಂತೆ ಮೀಟರು ಜೋಡಿಸಿ, ಪಿಕಪ್ಪಿನ ಮೇಲೆ ಸ್ಕ್ರೂಡ್ರೈವರಿನ ಕಬ್ಬಿಣವನ್ನು ಅಡ್ಡಲಾಗಿಟ್ಟು ಥಟ್ಟನೆ ಮೇಲಕ್ಕೆ ಎಳೆಯಬೇಕು. ಎಳೆದ ಕ್ಷಣ ಅಂಕಿ ಏರುತ್ತದೋ ಇಳಿಯುತ್ತದೋ ನೋಡಿ, ಇನ್ನೊಂದು ಪಿಕಪ್ಪಿನಲ್ಲೂ ಹಾಗೆಯೇ ಮಾಡಬೇಕು. ಎರಡೂ ಒಂದೇ ದಿಕ್ಕಿಗೆ ಹೋದರೆ ಸರಿ. ಒಂದು ಏರಿ ಇನ್ನೊಂದು ಇಳಿದರೆ ಒಂದರ ಎರಡು ವೈರುಗಳನ್ನು ಅದಲುಬದಲು ಮಾಡಬೇಕು. ಆದರೆ ಲೋಹದ ಹೊದಿಕೆ ಗ್ರೌಂಡ್ ವೈರಿಗೇ ಬೆಸೆದಿರುವ ಪಿಕಪ್ಪಿನಲ್ಲಿ ಹೀಗೆ ಮಾಡಿದರೆ ಹೊದಿಕೆಯೇ ಸಂಕೇತದ ದಾರಿಯಾಗಿ ಗುಂಯ್ ಹೆಚ್ಚುತ್ತದೆ. ಅಲ್ಲಿ ಹೊದಿಕೆಯ ಸಂಪರ್ಕವನ್ನು ಬೇರ್ಪಡಿಸಿ ಅದಕ್ಕೆ ಪ್ರತ್ಯೇಕ ಗ್ರೌಂಡ್ ವೈರು ಕೊಡಬೇಕಾಗುತ್ತದೆ. ಅನುಭವ ಇಲ್ಲದಿದ್ದರೆ ಆ ಕೆಲಸ ಬೇರೆಯವರಿಗೆ ಬಿಡುವುದು ಮೇಲು.

ಲಕ್ಷಣ: ಒಂದೇ ಹಂಬಕರ್ ಆನ್ ಇದ್ದರೂ ಧ್ವನಿ ತೆಳು, ಗುಂಯ್ ಕೂಡ ಉಂಟು

ಇಲ್ಲಿ ಮೀಟರೇ ಮೋಸ ಮಾಡಬಲ್ಲದು. ನಾಲ್ಕು ವೈರಿನ ಹಂಬಕರುಗಳಲ್ಲಿ ಬಣ್ಣದ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆ. ಸೀಮೋರ್ ಡಂಕನ್ ಪಿಕಪ್ಪುಗಳಲ್ಲಿ ಕಪ್ಪು ಸಂಕೇತದ ವೈರು, ಹಸಿರು ಮತ್ತು ಬತ್ತಲೆ ವೈರು ಗ್ರೌಂಡಿಗೆ, ಕೆಂಪು ಬಿಳಿ ಎರಡನ್ನೂ ಕೂಡಿಸಿ ಟೇಪು ಸುತ್ತಬೇಕು. ಡಿಮಾರ್ಜಿಯೊದಲ್ಲಿ ಸಂಕೇತದ ವೈರು ಕೆಂಪು, ಕೂಡಿಸಬೇಕಾದದ್ದು ಕಪ್ಪು ಬಿಳಿ. ಎರಡನೆಯದನ್ನು ಮೊದಲನೆಯದರ ನಕ್ಷೆಯಂತೆ ಜೋಡಿಸಿದರೆ ಎರಡು ಸುರುಳಿಗಳೂ ಸಾಲಿನಲ್ಲೇ ಇರುತ್ತವೆ, ರೋಧವೂ ಸರಿಯಾಗಿಯೇ ಬರುತ್ತದೆ, ಆದರೆ ಒಂದು ಸುರುಳಿ ತಿರುವುಮುರುವಾಗಿ ಧ್ವನಿ ಅಳಿಸಿಹೋಗಿ ಗುಂಯ್ ಕೂಡಿಕೊಳ್ಳುತ್ತದೆ. ಅಂಕಿ ಸರಿ, ಕಿವಿಗೆ ತಪ್ಪು ಎಂದಾದರೆ ಬಣ್ಣಗಳನ್ನು ಆಯಾ ತಯಾರಕರ ನಕ್ಷೆಯೊಡನೆ ಮತ್ತೆ ತಾಳೆ ನೋಡಬೇಕು.

ರೋಧ ಸರಿಯಾಗಿ ಅರ್ಧದಷ್ಟು ಬಂದರೆ ವಿಷಯ ಬೇರೆ: ಒಂದೇ ಸುರುಳಿ ಕೆಲಸ ಮಾಡುತ್ತಿದೆ. ಆಂಪ್ಲಿಫೈಯರ್ ಸಣ್ಣಗಿಟ್ಟು ಎರಡೂ ಸಾಲಿನ ಮೊಳೆಗಳನ್ನು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿದರೆ ಒಂದು ಸಾಲು ಟಪ್ ಎಂದು ಮಾತಾಡುತ್ತದೆ, ಇನ್ನೊಂದು ಸಪ್ಪಗಿರುತ್ತದೆ. ಕೂಡಿಸಿದ ಎರಡು ವೈರುಗಳ ಗಂಟು ಟೇಪು ಬಿಟ್ಟು ಪಾಟಿನ ಬೆನ್ನಿಗೆ ತಾಗಿರುವುದು ಇದರ ಸಾಮಾನ್ಯ ಕಾರಣ.

ಲಕ್ಷಣ: ಮೇಲಿನ ಫ್ರೆಟ್ಟುಗಳಲ್ಲಿ ದಪ್ಪ ತಂತಿಯ ಸ್ವರ ನಡುಗುತ್ತದೆ, ಶ್ರುತಿ ನಿಲ್ಲುವುದಿಲ್ಲ

ಇದನ್ನು ಕುತ್ತಿಗೆಯ ದೋಷವೆಂದು ತಿಳಿದು ಅದರೊಳಗಿನ ಸರಳಾದ ಟ್ರಸ್ ರಾಡ್ ತಿರುಗಿಸಹೊರಟವರಿದ್ದಾರೆ. ಅಗ್ಗದ ಸಿಂಗಲ್ ಕಾಯಿಲ್‌ಗಳಲ್ಲಿ ಮೊಳೆಗಳು ಬರಿಯ ಉಕ್ಕು, ಅಯಸ್ಕಾಂತ ಅಡಿಯಲ್ಲಿ ಅಂಟಿಸಿದ ಸೆರಾಮಿಕ್ ಪಟ್ಟಿ. ಅವನ್ನು ತಂತಿಗೆ ಹತ್ತಿರ ಏರಿಸಿದರೂ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಅವುಗಳ ಜಾಗಕ್ಕೆ ಬರುವ ಆಲ್ನಿಕೊ ಎಂಬ ಮಿಶ್ರಲೋಹದ ಪಿಕಪ್ಪಿನಲ್ಲಿ ಮೊಳೆಯೇ ಅಯಸ್ಕಾಂತವಾಗಿರುವುದರಿಂದ ಅದೇ ಎತ್ತರದಲ್ಲಿ ಕೂರಿಸಿದರೆ ಅದು ತಂತಿಯನ್ನು ಸೆಳೆದು ಅದರ ಕಂಪನವನ್ನು ಕೆಡಿಸುತ್ತದೆ. ಕೊನೆಯ ಫ್ರೆಟ್ಟನ್ನು ಒತ್ತಿಹಿಡಿದು, ಮೊಳೆಯ ತುದಿಯಿಂದ ತಂತಿಯ ಅಡಿಯವರೆಗೆ ಆರನೆಯ ತಂತಿಯಲ್ಲಿ ಸುಮಾರು 2.4 ಮಿಲಿಮೀಟರ್, ಮೊದಲನೆಯದರಲ್ಲಿ 2 ಮಿಲಿಮೀಟರ್ ಇರುವಂತೆ ಇಳಿಸಿ ಅಲ್ಲಿಂದ ಕಿವಿಯ ಮೇಲೆ ಹೊಂದಿಸಿಕೊಳ್ಳಬೇಕು. ಹಂಬಕರುಗಳು 1.6 ಮಿಲಿಮೀಟರಿನಷ್ಟು ಹತ್ತಿರವಿದ್ದರೂ ನಡೆಯುತ್ತದೆ.

ಲಕ್ಷಣ: ಧ್ವನಿ ತೀರ ಮಂಕು ಅಥವಾ ತೀರ ಚುರುಕು, ವಾಲ್ಯೂಮ್ ಒಮ್ಮೆಲೇ ಕುಸಿಯುತ್ತದೆ

ಪಾಟಿನ ಮೇಲಿನ ಅಕ್ಷರ ಅಂಕಿಗಳನ್ನು ಓದಬೇಕು. ಹಂಬಕರಿಗೆ ರೂಢಿ 500 ಕಿಲೋಓಮ್, ಸಿಂಗಲ್ ಕಾಯಿಲ್‌ಗೆ 250. ಹಂಬಕರನ್ನು 250ಕ್ಕೆ ಜೋಡಿಸಿದರೆ ಮೇಲಿನ ಸ್ವರಗಳ ಹೊಳಪು ಹೋಗುತ್ತದೆ, ಸಿಂಗಲ್ ಕಾಯಿಲ್‌ಗೆ 500 ಕೊಟ್ಟರೆ ಕಿವಿ ಚುಚ್ಚುತ್ತದೆ. ಎ ಅಕ್ಷರದ ಪಾಟು ಕಿವಿಗೆ ಹಂತಹಂತವಾಗಿ ಇಳಿಯುತ್ತದೆ. ಬಿ ಅಕ್ಷರದ್ದು ಬಹಳ ಹೊತ್ತು ಬದಲಾಗದಂತೆ ತೋರಿ ಕೊನೆಯಲ್ಲಿ ಥಟ್ಟನೆ ಬೀಳುತ್ತದೆ. ಆಕ್ಟಿವ್ ಪಿಕಪ್ಪಿಗೆ ಸಾಮಾನ್ಯವಾಗಿ 25 ಕಿಲೋಓಮಿನ ಪಾಟು ಬೇಕು, ಮತ್ತು ಅದು ಮಂಕಾದಾಗ ಮೊದಲು ಬದಲಿಸಬೇಕಾದದ್ದು 9 ವೋಲ್ಟಿನ ಬ್ಯಾಟರಿ; ಕೇಬಲ್ ಚುಚ್ಚಿಯೇ ಬಿಟ್ಟರೆ ಬ್ಯಾಟರಿ ಸದಾ ಖರ್ಚಾಗುತ್ತಿರುತ್ತದೆ.

ಲಕ್ಷಣ: ನಾಬ್ ತಿರುಗಿಸಿದಾಗ ಕರಕರ, ಮಳೆಗಾಲದಲ್ಲಿ ಧ್ವನಿ ಬಂದು ಹೋಗಿ ಮಾಡುತ್ತದೆ

ಜಾಕಿನ ಒಳಗೂ ಪಾಟಿನ ಒಳಗೂ ತೇವದಿಂದ ಸಂಪರ್ಕ ಮಾಸಿದೆ. ಟಿವಿ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಬಳಸುವ ಕಾಂಟ್ಯಾಕ್ಟ್ ಕ್ಲೀನರನ್ನು ಪಾಟಿನ ಕಾಲುಗಳ ಬಳಿಯ ಸಂದಿಗೆ ಸ್ವಲ್ಪವೇ ಬಿಟ್ಟು, ನಾಬನ್ನು ಈ ತುದಿಯಿಂದ ಆ ತುದಿಗೆ ಹಲವು ಸಲ ತಿರುಗಿಸಬೇಕು. ಕೀಲು ಬಾಗಿಲಿಗೆ ಹಾಕುವ ಎಣ್ಣೆ ಸ್ಪ್ರೇ ಇದಕ್ಕೆ ಸಲ್ಲದು. ಜಾಕು ಸಡಿಲವೆನಿಸಿದರೆ ಅದರ ನಾಲಿಗೆಯನ್ನು ಒಂದಿಷ್ಟು ಒಳಕ್ಕೆ ಬಾಗಿಸಬೇಕು. ಮುಂಗಾರಿನ ತಿಂಗಳುಗಳಲ್ಲಿ ಗಿಟಾರು ಗೋಡೆಯ ಮೇಲಲ್ಲ, ಸಿಲಿಕಾ ಜೆಲ್ ಪೊಟ್ಟಣಗಳಿರುವ ಪೆಟ್ಟಿಗೆಯೊಳಗೆ ಇರಬೇಕು. ಏಪ್ರಿಲ್ ಮೇ ತಿಂಗಳ ಸಿಡಿಲಿನ ಸಂಜೆಗಳಲ್ಲಿ ಆಂಪ್ಲಿಫೈಯರಿನ ಪ್ಲಗ್ ಸಾಕೆಟ್ಟಿನಿಂದ ಹೊರಗಿರಬೇಕು.

ಲಕ್ಷಣ: ಶಬ್ದ ಏರಿಸಿದಾಗ ಕಿರುಚುತ್ತದೆ

ಪಿಕಪ್ಪಿನ ತಿರುಪಿನ ಸ್ಪ್ರಿಂಗು, ಲೋಹದ ಹೊದಿಕೆ, ಉಂಗುರ ಇವು ಸಡಿಲವಾಗಿ ಅದುರುತ್ತಿಲ್ಲವೇ ನೋಡಿ, ಪಿಕಪ್ಪಿನ ಅಡಿಗೆ ಸ್ಪಂಜಿನ ತುಂಡು ಇಡಬಹುದು. ತಂತಿಗಳನ್ನು ಅಂಗೈಯಿಂದ ಒತ್ತಿಹಿಡಿದರೂ ಕಿರುಚು ನಿಲ್ಲದಿದ್ದರೆ ಸುರುಳಿಯ ಎಳೆಗಳೇ ಅದುರುತ್ತಿವೆ. ಅದಕ್ಕೆ ಕರಗಿಸಿದ ಮೇಣದಲ್ಲಿ ಪಿಕಪ್ಪನ್ನು ಅದ್ದುವುದು ಮದ್ದು. ಗ್ಯಾಸ್ ಒಲೆಯ ಮೇಲೆ ಮೇಣ ಕಾಯಿಸಿ ಇದನ್ನು ಮನೆಯಲ್ಲೇ ಮಾಡಹೋಗಬಾರದು. ಮೇಣ ಹೊತ್ತಿಕೊಳ್ಳುತ್ತದೆ, ಬಿಸಿ ಹೆಚ್ಚಾದರೆ ಎಳೆ ಸುತ್ತಿದ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ.

ಎಲ್ಲಿ ನಿಲ್ಲಿಸಬೇಕು

ಪಿಕಪ್ಪಿನ ವೈರುಗಳನ್ನು ಪೂರ್ತಿ ಬಿಡಿಸಿ, ನೇರವಾಗಿ ಅವುಗಳ ತುದಿಯಲ್ಲೇ ಅಳೆದರೂ ಮೀಟರು ಯಾವ ಅಂಕಿಯನ್ನೂ ತೋರದಿದ್ದರೆ ಸುರುಳಿ ಹರಿದಿದೆ. ಹೊಸದಾಗಿದ್ದರೆ ಮಾರಿದವರಿಗೆ ಮರಳಿಸಬೇಕು, ಟೇಪು ಬಿಚ್ಚಿ ಒಳಗೆ ಇಣುಕಿದರೆ ವಾರಂಟಿ ಹೋಗುತ್ತದೆ. ಪಂಪಿನ ಮೋಟಾರು ಸುತ್ತುವ ಅಂಗಡಿಗೆ ಕೊಡುವ ಯೋಚನೆಯೂ ಬೇಡ. ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಮೋಟಾರು ಸುತ್ತುವವರು ಎಷ್ಟೇ ನುರಿತವರಾದರೂ ಪಿಕಪ್ಪಿನ ಎಳೆ ಸುಮಾರು 0.06 ಮಿಲಿಮೀಟರ್, ತಲೆಗೂದಲಿನಷ್ಟು ಸಣ್ಣದು, ಅದಕ್ಕೆ ಬೇರೆಯೇ ಯಂತ್ರ ಬೇಕು. ರಂಧ್ರ ಹಿಗ್ಗಿಸುವುದು, ಗುಳಿ ಕೊರೆಯುವುದು, ಎರಡು ಸಲ ಬೆಸುಗೆ ಹಾಕಿದರೂ ಹಿಡಿಯದ ಪಾಟು, ಶಾಕ್ ಹೊಡೆಯುವ ಯಾವುದೇ ಜೋಡಣೆ, ಇವೂ ಮನೆಯ ಕೆಲಸವಲ್ಲ.

ತಂತ್ರಜ್ಞರಿಗೆ ಗಿಟಾರು ಕಳಿಸುವಾಗ ಪ್ರತಿ ಸ್ವಿಚ್ ಸ್ಥಾನದಲ್ಲಿ ಬಂದ ರೋಧದ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು, ಬಿಚ್ಚುವ ಮೊದಲು ತೆಗೆದ ಫೋಟೋಗಳನ್ನೂ ಹೊಸ ಪಿಕಪ್ಪಿನ ನಕ್ಷೆಯನ್ನೂ ಜೊತೆಗೆ ಕೊಡಬೇಕು. ಕಳಚಿದ ಹಳೆಯ ಪಿಕಪ್ಪುಗಳನ್ನೂ ಅದೇ ಚೀಲದಲ್ಲಿ ಹಾಕುವುದು ಒಳ್ಳೆಯದು. ಹೊಸದನ್ನು ಮರಳಿಸಬೇಕಾಗಿ ಬಂದರೆ ಅವನ್ನೇ ಮತ್ತೆ ಕೂರಿಸಿ ಕೊಡುತ್ತಾರೆ.